ಕಾರ್ಡ್ ಬರಿ

ಬೆಳಗಾವಿಯ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಗಣಿತ ಕಲಿಸಲು ನಾನು ಸೇರಿದ್ದು ಎಪ್ಪತ್ತರ ದಶಕದ ನಡುವಿನಲ್ಲಿ. ಸೇರಿ ಆರು ತಿಂಗಳಾಗುವಷ್ಟರಲ್ಲಿ ಗಣಿತದ ಜೊತೆ ಇನ್ನೊಂದು ಕೆಲಸವೂ ನನಗೆ ಅಂಟಿಕೊಂಡಿತು. ಶಾಲೆಯಲ್ಲಿ ಯಾವ ಸಮಾರಂಭ ನಡೆದರೂ ಕೊನೆಗೆ ಆಭಾರ ಮನ್ನಿಸುವುದು. ಮೈಸೂರು ಕಡೆಯವರು ಇದನ್ನೇ ವಂದನಾರ್ಪಣೆ ಅನ್ನುತ್ತಾರೆ. ಸ್ವಾಗತ ಮಾಡುವುದು ಹಿರಿಯ ಶಿಕ್ಷಕಿಯರ ಹಕ್ಕು, ಅತಿಥಿಗಳ ಪರಿಚಯ ಕನ್ನಡ ಕಲಿಸುವವರ ಹಕ್ಕು, ಉಳಿದದ್ದು ಆಭಾರ, ಅದು ಎಲ್ಲರಿಗಿಂತ ಕಿರಿಯಳ ಪಾಲಿಗೆ. ಅದನ್ನು ಯಾರೂ ಕೇಳುವುದಿಲ್ಲ, ಹೀಗಾಗಿ ತಪ್ಪಾದರೂ ನಡೆಯುತ್ತದೆ.

ನಾನು ಮೈಕಿನ ಮುಂದೆ ಬಂದೆನೆಂದರೆ ಜನ ಚಪ್ಪಲಿ ಹುಡುಕಲು ಶುರು ಮಾಡುತ್ತಿದ್ದರು. ಅತಿಥಿಗಳಿಗೆ ಆಭಾರ ಅನ್ನುವಷ್ಟರಲ್ಲಿ ಅತಿಥಿಗಳು ಚಹಾಕ್ಕೆ ಹೋಗಿರುತ್ತಿದ್ದರು. ಪಾಲಕರಿಗೆ, ಮೈಕಿನವರಿಗೆ, ಹೂವು ತಂದವರಿಗೆ ಅಂತ ಒಬ್ಬೊಬ್ಬರನ್ನೇ ನೆನೆದು ಕೊನೆಗೆ ನೀರು ಕೊಟ್ಟ ಸಿಪಾಯಿಯ ಹತ್ತಿರ ಬಂದಾಗ ಸಭಾಗೃಹದಲ್ಲಿ ಅವನೊಬ್ಬನೇ ಇರುತ್ತಿದ್ದ. ಅವನೂ ಕುರ್ಚಿ ಮಡಚುವ ಗದ್ದಲದಲ್ಲಿ ನನ್ನ ಮಾತು ಕೇಳಿಸಿಕೊಳ್ಳುತ್ತಿರಲಿಲ್ಲ. ಹದಿನೈದು ವರ್ಷ ಹೀಗೆ ಖಾಲಿ ಕುರ್ಚಿಗಳಿಗೆ ಆಭಾರ ಮನ್ನಿಸಿದವಳು ನಾನು. ಹುಡುಗಿಯರು ನನಗೆ ಇಟ್ಟ ಹೆಸರೇ ಆಭಾರದ ಬಾಯಿ. ನಮ್ಮ ಕಡೆ ಶಿಕ್ಷಕಿಯರನ್ನು ಬಾಯಿ ಅನ್ನುತ್ತಾರೆ.

ಮನೆಯಲ್ಲಿ ಮಾತ್ರ ಆ ಮಾತಿಗೆ ಜಾಗವಿರಲಿಲ್ಲ. ಕಾಲೇಜಿಗೆ ಹೋಗುವಾಗ ಒಮ್ಮೆ ಅವ್ವ ಬುತ್ತಿಯ ಡಬ್ಬಿ ಕೈಗಿಟ್ಟಳು, ನಾನು ಹೊಸದಾಗಿ ಕಲಿತ ಗತ್ತಿನಲ್ಲಿ ಥ್ಯಾಂಕ್ಸ್ ಅಂದೆ. ಅವ್ವನ ಮುಖ ಸಣ್ಣದಾಯಿತು. “ನಾ ಏನ್ ಹೊರಗಿನಾಕೀನ?” ಅಂದಳು. ಅವಳ ಲೆಕ್ಕದಲ್ಲಿ ಥ್ಯಾಂಕ್ಸ್ ಅನ್ನುವುದು ಮನುಷ್ಯರನ್ನು ಬಾಗಿಲ ಹೊರಗೆ ನಿಲ್ಲಿಸುವ ಮಾತು. ಅವಳ ರೀತಿ ಬೇರೆ. ಬಾಜು ಮನೆಯವರು ಡಬ್ಬಿಯಲ್ಲಿ ಏನಾದರೂ ಕಳಿಸಿದರೆ ಆ ಡಬ್ಬಿಯನ್ನು ತೊಳೆದು ಬರಿದೇ ತಿರುಗಿ ಕೊಡುತ್ತಿರಲಿಲ್ಲ. ಏನೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆಯನ್ನಾದರೂ ಹಾಕುತ್ತಿದ್ದಳು. ನಾನು ಅವಳಿಂದ ಥ್ಯಾಂಕ್ಸ್ ಅನ್ನಬಾರದೆಂಬುದನ್ನು ಕಲಿತೆ. ಸಕ್ಕರೆ ಹಾಕುವುದನ್ನು ಕಲಿಯಲಿಲ್ಲ.

ಏಪ್ರಿಲ್ ಹತ್ತಕ್ಕೆ ರಿಸಲ್ಟು. ಅದರ ಹಿಂದಿನ ಹತ್ತು ದಿನ ನಮ್ಮ ಪಾಲಿಗೆ ಶಿಕ್ಷೆ. ಚಾಪೆಯಷ್ಟು ಅಗಲದ ಹಾಳೆಯ ಮೇಲೆ ಒಂದೊಂದು ವರ್ಗದ ಎಲ್ಲ ಹುಡುಗಿಯರ ಎಲ್ಲ ವಿಷಯದ ಅಂಕ ಬರೆಯಬೇಕು. ಅಡ್ಡ ಕೂಡಿಸಬೇಕು, ಉದ್ದ ಕೂಡಿಸಬೇಕು, ಎರಡೂ ತಾಳೆಯಾಗಬೇಕು. ಒಂದೆರಡು ಅಂಕಕ್ಕೆ ನಪಾಸಾಗುವವರಿಗೆ ಕೃಪಾಂಕ ಕೊಟ್ಟು ಮತ್ತೆ ಕೂಡಿಸಬೇಕು. ಗಣಿತದವಳೆಂದು ಬೇರೆಯವರ ಹಾಳೆಗಳೂ ನನ್ನ ಮೇಜಿಗೇ ಬರುತ್ತಿದ್ದವು. ಒಂದು ವರ್ಷ ನಾನೇ ಕೂಡಿಸಿದ ಹಾಳೆಯಲ್ಲಿ ಒಬ್ಬಳಿಗೆ ಹತ್ತು ಅಂಕ ಕಡಿಮೆ ಬಿದ್ದು, ಪಾಸಾದ ಹುಡುಗಿ ನಪಾಸೆಂದು ಫಲಕಕ್ಕೆ ಬಂತು. ಎರಡು ದಿನಗಳ ಮೇಲೆ ಸರಿಪಡಿಸಿದೆವು. ಆ ಎರಡು ದಿನ ಅವಳು ಮನೆಯಲ್ಲಿ ಊಟ ಮಾಡಿರಲಿಲ್ಲವೆಂದು ಆಮೇಲೆ ತಿಳಿಯಿತು. ಅಲ್ಲಿಂದ ಮುಂದೆ ಏಪ್ರಿಲ್ ಬಂದರೆ ನನಗೆ ಎದೆ ಹೊಡೆದುಕೊಳ್ಳುತ್ತಿತ್ತು.

ಎಂಬತ್ತರ ದಶಕ ಮುಗಿಯುತ್ತ ಬಂದಾಗ ಸರಕಾರದಿಂದ ಕೆಲವು ಶಾಲೆಗಳಿಗೆ ಕಂಪ್ಯೂಟರು ಬಂತು. ಸಣ್ಣ ಟಿವಿ, ಅದರ ಮುಂದೆ ಟೈಪ್ ಯಂತ್ರದಂಥ ಒಂದು ಪೆಟ್ಟಿಗೆ, ಜೊತೆಗೊಂದು ಟೇಪ್ ರೆಕಾರ್ಡರು. ಹಾಡು ಕೇಳುವ ಕ್ಯಾಸೆಟ್ಟಿನಲ್ಲೇ ಪ್ರೋಗ್ರಾಮು ತುಂಬಿಸಿಡುವುದು. ಅದನ್ನು ಹಚ್ಚಿದರೆ ಕೀಂ ಅನ್ನುವ ದನಿ, ಆಮೇಲೆ ಕರಕರ ಸದ್ದು. ಐದು ನಿಮಿಷ ಆ ಸದ್ದನ್ನು ಕೇಳಿಸಿಕೊಂಡು ಯಂತ್ರ ಎಚ್ಚರಾಗುತ್ತಿತ್ತು. ಶಾಲೆಗೆ ಒಬ್ಬರಂತೆ ನಮಗೆ ಬೆಳಗಾವಿಯಲ್ಲಿ ಒಂದು ವಾರ ತರಬೇತಿ ಕೊಟ್ಟರು. ನಮ್ಮ ಶಾಲೆಯಲ್ಲಿ ಎಲ್ಲರೂ ಒಲ್ಲೆ ಅಂದದ್ದಕ್ಕೆ ನಾನು ಹೋದೆ.

ಅಲ್ಲಿ ನನ್ನ ಬಾಜು ಕೂತವರು ಖಾನಾಪುರದ ಒಬ್ಬ ಮಾಸ್ತರರು. ಐವತ್ತು ದಾಟಿದ ತೆಳ್ಳಗಿನ ಮನುಷ್ಯ, ಅಲ್ಲಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದರು. ಮನೆಮಾತು ಮರಾಠಿ, ನಮ್ಮ ಜೊತೆ ಕನ್ನಡ. ದಿನಾ ಬೆಳಗಿನ ರೈಲಿಗೆ ಬಂದು ಸಂಜೆಯ ರೈಲಿಗೆ ಹೋಗುತ್ತಿದ್ದರು. ಮಾತು ಬಹಳ ಕಡಿಮೆ. ಏನಾದರೂ ಕೇಳುವುದಿದ್ದರೆ ಚೀಟಿ ಬರೆದು ಪಕ್ಕಕ್ಕೆ ಸರಿಸುತ್ತಿದ್ದರು. ನಾವೆಲ್ಲ ವಾರ ಮುಗಿದ ಮೇಲೆ ಯಂತ್ರಕ್ಕೆ ಬಟ್ಟೆ ಹೊದಿಸಿ ಕೀಲಿ ಹಾಕಿದೆವು. ಅವರು ಊರಿಗೆ ಹೋಗಿ ಅದನ್ನೇ ಹಿಡಿದು ಕೂತರು.

ಮರುವರ್ಷ ಫೆಬ್ರುವರಿಯಲ್ಲಿ ಒಂದು ದಿನ ಅವರು ನಮ್ಮ ಶಾಲೆಗೆ ಬಂದರು. ಊಟದ ಡಬ್ಬಿಯ ಚೀಲದಿಂದ ಒಂದು ಕ್ಯಾಸೆಟ್ಟು ತೆಗೆದು ಮೇಜಿನ ಮೇಲಿಟ್ಟರು. ರಿಸಲ್ಟಿನ ಪ್ರೋಗ್ರಾಮು. ಹೆಸರು, ಅಂಕ ಹಾಕುತ್ತ ಹೋದರೆ ಕೂಡಿಸುವುದು, ತಾಳೆ ನೋಡುವುದು, ಕೃಪಾಂಕ ಕೊಡುವುದು ಎಲ್ಲವನ್ನೂ ಅದೇ ಮಾಡುತ್ತದಂತೆ. ಎಂಟು ತಿಂಗಳು ಹಿಡಿಯಿತಂತೆ. ಯಾರು ಮಾಡಲು ಹೇಳಿದರು ಅಂತ ಕೇಳಿದೆ. ಯಾರೂ ಹೇಳಿಲ್ಲ, ಸುಮ್ಮನೆ ಹವ್ಯಾಸ ಅಂದರು. ಏನು ಕೊಡಬೇಕು ಅಂದಾಗ ಕೈ ಅಲ್ಲಾಡಿಸಿದರು. ಹೋಗುವಾಗ ಬಾಗಿಲಲ್ಲಿ ನಿಂತು, “ಪೂರಾ ನಡಸಿ ನೋಡ್ರಿ ಬಾಯಾರ, ಕಡೀತನಾ” ಅಂದರು. ಚಹಾ ಕುಡಿಯಿರಿ ಅಂತಲೂ ನಾನು ಅನ್ನಲಿಲ್ಲ. ಪಿರಿಯಡ್ ಇತ್ತು.

ಆ ಏಪ್ರಿಲ್‌ನಲ್ಲಿ ಕ್ಯಾಸೆಟ್ಟು ಹಚ್ಚಿದೆ. ಒಂದೊಂದೇ ಹೆಸರು ಹಾಕುತ್ತ ಹೋದಂತೆ ಕಣ್ಣಮುಂದೆ ಮೊತ್ತ ಮೂಡುತ್ತಿತ್ತು. ನಾನು ಪಕ್ಕದಲ್ಲಿ ಕಾಗದ ಇಟ್ಟುಕೊಂಡು ಕೂಡಿಸಿ ನೋಡಿದೆ, ಒಂದೂ ತಪ್ಪಿಲ್ಲ. ಅರವತ್ತನೇ ಹುಡುಗಿಯ ತನಕ ಸುರಳೀತ ನಡೆದು ಅಲ್ಲಿ ನಿಂತುಬಿಟ್ಟಿತು. ಅವರ ಊರಿನ ವರ್ಗಗಳು ಸಣ್ಣವು, ಅರವತ್ತಕ್ಕೇ ಜಾಗ ಮಾಡಿದ್ದರು. ನನ್ನ ವರ್ಗದಲ್ಲಿ ಎಪ್ಪತ್ತೆರಡು ಹುಡುಗಿಯರು. ಹನ್ನೆರಡು ಮಂದಿ ಹೊರಗೆ ಉಳಿದರು. ನನಗೆ ತಲೆ ಕೆಟ್ಟಿತು, ಯಂತ್ರವನ್ನು ಹಾಗೇ ಆರಿಸಿದೆ. ಕಡೆಯ ತನಕ ನಡೆಸಲಿಲ್ಲ.

ತಪ್ಪು ಹುಡುಕುವುದು ನನ್ನ ಕಸುಬು, ಕೈಯಲ್ಲಿ ಯಾವಾಗಲೂ ಕೆಂಪು ಪೆನ್ನು. ಅವತ್ತೇ ಒಂದು ಕಾರ್ಡು ತೆಗೆದುಕೊಂಡು ಅದೇ ಪೆನ್ನಿನಲ್ಲಿ ಬರೆದೆ: ನಿಮ್ಮ ಪ್ರೋಗ್ರಾಮಿನಲ್ಲಿ ಅರವತ್ತು ಮಕ್ಕಳಿಗಷ್ಟೇ ಜಾಗವಿದೆ. ನಮ್ಮಲ್ಲಿ ಎಪ್ಪತ್ತೆರಡು. ಕೂಡಲೇ ಸರಿಪಡಿಸಿ ಕಳಿಸಬೇಕು. ಕೆಳಗೆ ಸಹಿ. ಅರವತ್ತು ಹುಡುಗಿಯರ ಮೊತ್ತ ಒಂದು ಮಧ್ಯಾಹ್ನದಲ್ಲಿ ಮುಗಿದಿತ್ತು, ಒಂದು ಅಂಕವೂ ತಪ್ಪಿರಲಿಲ್ಲ, ಮೊದಲ ಸಲ ಏಪ್ರಿಲ್‌ನಲ್ಲಿ ನನ್ನ ಎದೆ ಹೊಡೆದುಕೊಳ್ಳಲಿಲ್ಲ. ಅದನ್ನು ಬರೆಯಬೇಕೆಂದು ನನಗೆ ಹೊಳೆಯಲೇ ಇಲ್ಲ. ಇದನ್ನು ಈಗ ಬರೆಯುವಾಗಲೂ ನನಗೆ ನನ್ನ ಮೇಲೆ ಸಿಟ್ಟು ಬರುತ್ತದೆ.

ಶಾಲೆ ಮತ್ತೆ ಶುರುವಾಗುವಷ್ಟರಲ್ಲಿ ಹೊಸ ಕ್ಯಾಸೆಟ್ಟು ಬಂತು. ಖಾನಾಪುರದಿಂದ ದಿನಾ ಓಡಾಡುವ ಯಾರೋ ತಂದುಕೊಟ್ಟು ಹೋದರು. ಪತ್ರವಿಲ್ಲ, ಚೀಟಿಯಿಲ್ಲ. ಲೇಬಲ್ಲಿನ ಮೇಲೆ ಎಪ್ಪತ್ತೈದು ಅನ್ನುವ ಅಂಕಿ ಮಾತ್ರ. ಮುಂದಿನ ಏಪ್ರಿಲ್‌ನಲ್ಲಿ ನನ್ನ ವರ್ಗದಲ್ಲಿ ಮತ್ತೆ ಎಪ್ಪತ್ತೆರಡೇ ಹುಡುಗಿಯರು, ಎಲ್ಲರೂ ಅದರಲ್ಲಿ ಹಿಡಿದರು. ಎಲ್ಲ ಮುಗಿದ ಮೇಲೆ ಪರದೆ ಖಾಲಿಯಾಗಿ ನಟ್ಟನಡುವೆ ಎರಡು ಶಬ್ದ ಮೂಡಿದವು. ಆ ಯಂತ್ರಕ್ಕೆ ಕನ್ನಡ ಅಕ್ಷರ ಬರುತ್ತಿರಲಿಲ್ಲ, ಎಲ್ಲವೂ ಇಂಗ್ಲಿಷ್ ಅಕ್ಷರ. ಮೊದಲನೆಯದು ಸಿ, ಎ, ಆರ್, ಡಿ. ಎರಡನೆಯದು ಬಿ, ಎ, ಆರ್, ಐ. ಕಾರ್ಡ್ ಬರಿ.

ಯಂತ್ರದೊಳಗೆ ಕಾರ್ಡು ಎನ್ನುವ ಭಾಗಗಳು ಇರುತ್ತವೆಂದು ತರಬೇತಿಯಲ್ಲಿ ಹೇಳಿದ್ದರು. ಹೀಗಾಗಿ ಇದು ಯಂತ್ರದ ತಕರಾರು ಅಂದುಕೊಂಡೆ. ಕಾರ್ಡು ಬರಿದಾಗಿದೆ, ಒಳಗೆ ಏನೋ ಖಾಲಿಯಾಗಿದೆ. ನನ್ನ ಜೊತೆ ಮರಾಠಿ ಕಲಿಸುವ ಗೆಳತಿಯೊಬ್ಬಳು ಇದ್ದಳು, ಅವಳನ್ನು ಕರೆದು ತೋರಿಸಿದೆ. ಅವಳು ನೋಡಿ ನಕ್ಕಳು. ಮರಾಠಿಯಲ್ಲಿ ಬರೀ ಅಂದರೆ ಚೆನ್ನಾಗಿದೆ ಅಂತ ಅರ್ಥ, ಯಂತ್ರ ತನ್ನ ಕಾರ್ಡು ಚೆನ್ನಾಗಿದೆ ಅನ್ನುತ್ತಿದೆ, ಆದರೆ ವ್ಯಾಕರಣ ತಪ್ಪಿದೆ, ಬರಂ ಆಗಬೇಕಿತ್ತು ಅಂದಳು. ಖಾಲಿಯೋ ಚೆನ್ನಾಗಿದೆಯೋ ಅಂತ ಸ್ಟಾಫ್ ರೂಮಿನಲ್ಲಿ ಒಂದು ವಾರ ಚೇಷ್ಟೆ ನಡೆಯಿತು. ಕನ್ನಡದವರಿಗೆಲ್ಲ ಖಾಲಿ, ಮರಾಠಿಯವರಿಗೆಲ್ಲ ಚೆನ್ನ. ಕೊನೆಗೆ ಒಂದು ಗುಂಡಿ ಒತ್ತಿದರೆ ಅದು ಮಾಯವಾಗುತ್ತಿತ್ತು, ಹೀಗಾಗಿ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

ಸುದ್ದಿ ಹಬ್ಬಿತು. ಸಾಂಬ್ರಾದ ಶಾಲೆಯಿಂದ ಕೇಳಿಕೊಂಡು ಬಂದರು, ಕಾಕತಿಯಿಂದ ಬಂದರು, ಊರೊಳಗಿನ ಶಾಲೆಗಳಿಂದ ಬಂದರು. ನಾನು ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ಇಳಿಸಿಕೊಟ್ಟೆ, ಒಟ್ಟು ಹದಿನಾಲ್ಕು ಶಾಲೆಗೆ. ಕೊಡುವಾಗ ದೊಡ್ಡಸ್ತಿಕೆಯೂ ಇತ್ತು, ಎಲ್ಲರೂ ನನ್ನನ್ನೇ ಹೊಗಳುತ್ತಿದ್ದರು, ನಾನು ಬೇಡವೆನ್ನಲಿಲ್ಲ. ಪ್ರತಿಯೊಂದು ಲೇಬಲ್ಲಿನ ಮೇಲೆ ನನ್ನ ದುಂಡು ಅಕ್ಷರದಲ್ಲಿ ಒಂದು ಸೂಚನೆ ಬರೆದೆ: ಕೊನೆಯಲ್ಲಿ ಬರುವ ದೋಷವನ್ನು ಗಮನಿಸಬೇಡಿ.

ಇಷ್ಟು ಉಪಕಾರವಾಗಿದೆ, ಖಾನಾಪುರದ ಮಾಸ್ತರರಿಗೆ ಒಂದು ಪತ್ರ ಹಾಕೋಣವೇ ಅಂತ ಮರಾಠಿ ಗೆಳತಿ ಒಮ್ಮೆ ಕೇಳಿದಳು. ನನ್ನ ಉತ್ತರ ನನಗೆ ಚೆನ್ನಾಗಿ ನೆನಪಿದೆ. “ಅವರು ಹವ್ಯಾಸಕ್ಕ ಮಾಡ್ಯಾರ. ಮಾಡೂದ್ರಾಗ ಅವರಿಗೆ ಖುಷಿ ಸಿಕ್ಕೈತಿ. ನಾವ್ಯಾಕ ಆಭಾರ ಮನ್ನಸಬೇಕು?” ಅಂದೆ. ನಾವೂ ಮಾಸ್ತರರು, ಅವರೂ ಮಾಸ್ತರರು, ಒಂದೇ ಮನೆಯವರಿದ್ದಂತೆ, ಥ್ಯಾಂಕ್ಸ್ ಅಂದರೆ ಹೊರಗಿನವರಾಗುತ್ತಾರೆ ಅಂತ ಅವ್ವನ ಮಾತನ್ನೂ ತಂದು ಸೇರಿಸಿದೆ. ಆದರೂ ಒಂದು ಕಾರ್ಡು ಬರೆದರೆ ಕೈ ಸವೆಯುವುದಿಲ್ಲ ಅಂತ ಗೊಣಗಿಕೊಂಡು ಹೋದಳು. ಆ ಕಾರ್ಡು ಅವಳೂ ಬರೆಯಲಿಲ್ಲ.

ಮೂರನೇ ವರ್ಷ ಕೃಪಾಂಕದ ನಿಯಮ ಬದಲಾಯಿತು. ಪ್ರೋಗ್ರಾಮು ಹಳೆಯ ನಿಯಮವನ್ನೇ ಹಿಡಿದು ಕೂತಿತ್ತು. ಜನವರಿಯಲ್ಲಿ ನಾನು ಎರಡನೇ ಕಾರ್ಡು ಬರೆದೆ. ಮತ್ತೆ ಕೆಂಪು ಪೆನ್ನು, ಮತ್ತೆ ಮೂರು ಸಾಲು. ಹೊಸ ನಿಯಮ ಹೀಗಿದೆ. ಅದರಂತೆ ಬದಲಿಸಬೇಕು. ತಡ ಮಾಡಬಾರದು. ಫೆಬ್ರುವರಿ ಹೋಯಿತು, ಉತ್ತರವಿಲ್ಲ. ಮಾರ್ಚ್ ಅರ್ಧ ಹೋಯಿತು. ನನ್ನ ಸಿಟ್ಟು ನೆತ್ತಿಗೇರಿತು. ಒಂದು ರವಿವಾರ ಬೆಳಗಿನ ಪ್ಯಾಸೆಂಜರ್ ಹಿಡಿದು ನಾನೇ ಖಾನಾಪುರಕ್ಕೆ ಹೊರಟೆ. ದೇಸೂರು ದಾಟುವಷ್ಟರಲ್ಲಿ ಅವರಿಗೆ ಏನೇನು ಅನ್ನಬೇಕೆಂದು ಮನಸ್ಸಿನಲ್ಲಿ ಪೂರ್ತಿ ಜೋಡಿಸಿಕೊಂಡಿದ್ದೆ.

ಸ್ಟೇಶನ್ನಿನಿಂದ ಕೇಳುತ್ತ ಹೋದೆ. ಹೆಂಚಿನ ಸಣ್ಣ ಮನೆ, ಬಾಗಿಲು ತೆರೆದಿತ್ತು. ನಡುಮನೆಯ ಗೋಡೆಯಲ್ಲಿ ಮಾಸ್ತರರ ಫೋಟೋ, ಅದಕ್ಕೆ ಹಾರ. ನಾನು ಹೊಸ್ತಿಲಲ್ಲೇ ನಿಂತೆ. ಒಳಗಿಂದ ಅವರ ಹೆಂಡತಿ ಬಂದು ಯಾರು ಅಂತ ಕೇಳಿದರು. ಬೆಳಗಾವಿಯ ಶಾಲೆಯವಳು ಅಂದೆ. ಅವರ ಮುಖ ಅರಳಿತು.

“ಬರ್ರಿ ಬಾಯಾರ, ಒಳಗ ಬರ್ರಿ, ಕುಂದರ್ರಿ. ನಿಮ್ಮ ಕಾರ್ಡು ಬಂದೈತಿ” ಅಂದರು.

ಸಂಕ್ರಾಂತಿಯ ಮುಂಚೆ ಒಂದು ಮುಂಜಾನೆ ಶಾಲೆಗೆ ಹೊರಟವರು ಎದೆ ಹಿಡಿದುಕೊಂಡು ಕೂತರಂತೆ. ಬಸ್ಸಿನಲ್ಲಿ ಬೆಳಗಾವಿಗೆ ಕರೆದೊಯ್ಯುವಾಗ ದಾರಿಯಲ್ಲೇ ಹೋದರಂತೆ. ಇದನ್ನೆಲ್ಲ ಅವರು ಅಳದೆ ಹೇಳಿದರು. ಮಕ್ಕಳಿಲ್ಲ. ಮಾಸ್ತರರು ಶಾಲೆಯಿಂದ ಬಂದವರೇ ಚಹಾ ಕುಡಿದು ಮತ್ತೆ ಶಾಲೆಗೆ ಹೋಗಿ ಆ ಯಂತ್ರದ ಮುಂದೆ ಕೂರುತ್ತಿದ್ದರಂತೆ. ಏನು ಮಾಡುತ್ತೀರಿ ಅಂದರೆ ಏಪ್ರಿಲ್‌ನಲ್ಲಿ ಮಾಸ್ತರರಿಗೆಲ್ಲ ತಲೆನೋವು, ಅದಕ್ಕೆ ಔಷಧ ಮಾಡುತ್ತಿದ್ದೇನೆ ಅನ್ನುತ್ತಿದ್ದರಂತೆ.

ಅವರು ಒಂದು ಬಿಸ್ಕಿಟಿನ ತಗಡಿನ ಡಬ್ಬಿ ತಂದು ನನ್ನ ಮುಂದಿಟ್ಟರು. ಒಳಗೆ ಕಾರ್ಡುಗಳಿದ್ದವು. ಮೇಲಿನ ಮೂರು ಆಚೀಚೆಯ ಸಣ್ಣ ಶಾಲೆಗಳವು, ಮರಾಠಿಯಲ್ಲಿ, ನಿಮ್ಮ ಕೆಲಸದಿಂದ ಬಹಳ ಉಪಯೋಗವಾಯಿತು ಎಂದು. ನಾಲ್ಕನೆಯದು ನನ್ನ ಮೊದಲ ಕಾರ್ಡು, ಕೆಂಪು ಶಾಯಿ. ಅದಾದ ಮೇಲೆ ಬೇರೆ ಕಾರ್ಡಿರಲಿಲ್ಲ. ನಿಮ್ಮ ಕಾರ್ಡು ಬಂದ ದಿನ ಬಹಳ ಖುಷಿಯಾಗಿದ್ದರು, ಬೆಳಗಾವಿಯಲ್ಲಿಯೂ ನಡೆಸುತ್ತಿದ್ದಾರೆ ಅಂತ ಅಡಿಗೆಮನೆಯ ತನಕ ಬಂದು ಹೇಳಿದರು ಅಂದರು. ಆಮೇಲೆ ಮಾತ್ರ ಯಾವ ಕಾರ್ಡೂ ಬರಲಿಲ್ಲವಂತೆ. ಪೋಸ್ಟಿನವನು ಬರುವ ಹೊತ್ತಿಗೆ ಬಾಗಿಲಿಗೆ ಬಂದು ನಿಲ್ಲುತ್ತಿದ್ದರಂತೆ. ಒಂದೂವರೆ ವರ್ಷ ಹಾಗೆ ನಿಂತು, ಕೊನೆಗೆ ಯಾರಿಗೂ ಉಪಯೋಗವಾಗಿಲ್ಲ ಅಂತ ಕಾಣುತ್ತದೆ, ಇಡಲಿ ಬಿಡು ಅಂದು ಆ ವಿಷಯ ಬಿಟ್ಟರಂತೆ.

ಡಬ್ಬಿಯ ತಳದಲ್ಲಿ ಅವರು ಪ್ರೋಗ್ರಾಮು ಬರೆದ ನೋಟುಬುಕ್ಕಿತ್ತು. ತೆರೆದು ನೋಡಿದೆ. ಪುಟದ ಮೇಲೆ ನನ್ನ ಶಾಲೆಯ ಹೆಸರು, ಎಪ್ಪತ್ತೆರಡು ಎಂಬ ಅಂಕಿ, ಅದರ ಕೆಳಗೆ ಗೆರೆ. ಆ ಯಂತ್ರಕ್ಕೆ ನೆನಪಿನ ಶಕ್ತಿ ಬಹಳ ಕಡಿಮೆ, ಒಂದೊಂದು ಅಕ್ಷರವೂ ಜಾಗ ತಿನ್ನುತ್ತದೆ. ಹನ್ನೆರಡು ಹುಡುಗಿಯರನ್ನು ಒಳಗೆ ಸೇರಿಸಲು ಅವರು ಎಲ್ಲಿಂದ ಏನು ತೆಗೆಯಬೇಕೆಂದು ಸಾಲುಸಾಲಾಗಿ ಬರೆದುಕೊಂಡಿದ್ದರು. ಮೊದಲು ತಮ್ಮ ಹೆಸರು ಹೊಡೆದುಹಾಕಿದ್ದರು. ಆಮೇಲೆ ಊರಿನ ಹೆಸರು, ವಿಳಾಸ. ಮೊದಲ ಕ್ಯಾಸೆಟ್ಟಿನ ಕೊನೆಯ ಪರದೆಗೆಂದು ಇಂಗ್ಲಿಷ್ ಅಕ್ಷರದಲ್ಲಿ ಎರಡು ಸಾಲುಗಳಿದ್ದವು, ಒಂದು ಮರಾಠಿ, ಒಂದು ಕನ್ನಡ. ಮರಾಠಿ ಸಾಲಿನ ಮೇಲೆ ಪೂರ್ತಿ ಗೆರೆ ಎಳೆದಿದ್ದರು, ಕೇಳಿದವಳು ಕನ್ನಡದವಳಲ್ಲವೇ. ಕನ್ನಡದ ಸಾಲು ಹೀಗಿತ್ತು: ಉಪಯೋಗ ಆದ್ರ ನನಗ ಒಂದು ಕಾರ್ಡ್ ಬರಿರಿ. ಅದರಲ್ಲಿ ಮೊದಲ ನಾಲ್ಕು ಶಬ್ದ, ಕೊನೆಯ ರಿ ಹೊಡೆದುಹಾಕಿದ್ದರು.

ಬರೆ ಅನ್ನುವುದನ್ನು ನಮ್ಮ ಕಡೆ ಎಲ್ಲರೂ ಬರಿ ಅನ್ನುತ್ತಾರೆ, ನಾನೂ ದಿನಕ್ಕೆ ನೂರು ಸಲ ಹುಡುಗಿಯರಿಗೆ ಅನ್ನುತ್ತೇನೆ. ಗಣಿತ ಬರಿ, ಉತ್ತರ ಬರಿ, ಅಂಚಿಗೆ ಅಂಕಿ ಬರಿ. ಅದು ನನಗೆ ಹೊಳೆಯಲಿಲ್ಲ. ಹದಿನಾಲ್ಕು ಶಾಲೆಗಳಿಗೆ ಅದು ದೋಷ, ಗಮನಿಸಬೇಡಿ ಎಂದು ನನ್ನ ಕೈಯಾರೆ ಬರೆದುಕೊಟ್ಟಿದ್ದೆ.

“ಆ ದಿವಸ ಭಾಳ ಒದ್ದಾಡಿದ್ರು” ಅಂದರು ಅವರ ಹೆಂಡತಿ, ನಾನು ನೋಡುತ್ತಿದ್ದ ಪುಟವನ್ನು ಗುರುತು ಹಿಡಿದು. “ಎಪ್ಪತ್ತೆರಡು ಹುಡುಗ್ಯಾರು ಕುಂದರಬೇಕು, ಜಾಗಾ ಇಲ್ಲ ಅಂತಿದ್ರು. ಆಮ್ಯಾಲೆ ನಕ್ಕು, ನಾ ಎದ್ದು ನಿಂತ್ರ ಎಲ್ಲಾರೂ ಕುಂದರತಾರ ಅಂದ್ರು.”

ಆಮೇಲೆ ಅವರು ಎದ್ದು ಫೋಟೋದ ಹಿಂದೆ ಕೈ ಹಾಕಿ ಒಂದು ಕಾರ್ಡು ತೆಗೆದರು. ನನ್ನ ಎರಡನೇ ಕಾರ್ಡು. ಅದು ಮಾಸ್ತರರು ಹೋದ ಒಂಬತ್ತನೇ ದಿನಕ್ಕೆ ಬಂದಿತ್ತಂತೆ. ಅವರಿಗೆ ಕನ್ನಡ ಮಾತಾಡಲು ಬರುತ್ತದೆ, ಅಕ್ಷರ ಬರುವುದಿಲ್ಲ, ಕಲಿತದ್ದು ಮರಾಠಿ ಶಾಲೆಯಲ್ಲಿ. ದುಃಖದ ಮನೆಗೆ ಬಂದವರ ಕೈಯಲ್ಲಿ ಓದಿಸಲು ಮನಸ್ಸಾಗಲಿಲ್ಲವಂತೆ. ಕೆಂಪು ಶಾಯಿಯಲ್ಲಿ ಬರೆದಿದ್ದಾರೆ, ಕುಂಕುಮ ಹಚ್ಚಿದ ಪತ್ರದ ಹಾಗೆ ಶುಭದ್ದೇ ಇರಬೇಕು ಎಂದು ಫೋಟೋದ ಹಿಂದೆ ಇಟ್ಟಿದ್ದರು.

“ನೀವ ಬಂದೀರಿ. ನೀವ ಓದಿ ಹೇಳ್ರಿ. ಅವರಿಗೂ ಕೇಳಲಿ” ಅಂದರು.

ಕಾರ್ಡು ಕೈಗೆ ಬಂತು. ಹೊಸ ನಿಯಮ ಹೀಗಿದೆ. ಅದರಂತೆ ಬದಲಿಸಬೇಕು. ತಡ ಮಾಡಬಾರದು. ಮೂರೇ ಸಾಲು, ಸಹಿ. ಜೀವಮಾನದಲ್ಲಿ ಅಷ್ಟು ನಾಚಿಕೆ ನನಗೆ ಯಾವತ್ತೂ ಆಗಿಲ್ಲ. ನಾನು ಗಂಟಲು ಸರಿ ಮಾಡಿಕೊಂಡು ಆ ಮೂರು ಸಾಲುಗಳ ಮೇಲೆ ಕಣ್ಣಿಟ್ಟು ಓದತೊಡಗಿದೆ. ಮಾನ್ಯ ಗುರುಗಳಿಗೆ ನಮಸ್ಕಾರಗಳು. ತಾವು ಮಾಡಿಕೊಟ್ಟ ಪ್ರೋಗ್ರಾಮಿನಿಂದ ನಮ್ಮ ಎಪ್ಪತ್ತೆರಡೂ ಹುಡುಗಿಯರ ರಿಸಲ್ಟು ಒಂದೂ ತಪ್ಪಿಲ್ಲದೆ ಆಯಿತು. ಒಮ್ಮೆ ನನ್ನ ಕೈತಪ್ಪಿನಿಂದ ಒಬ್ಬ ಹುಡುಗಿ ಎರಡು ದಿನ ಉಪವಾಸವಿದ್ದಳು, ಈಗ ಅಂಥದ್ದು ಆಗುವುದಿಲ್ಲ. ಸಾಂಬ್ರಾದವರು ಒಯ್ದಿದ್ದಾರೆ, ಕಾಕತಿಯವರು ಒಯ್ದಿದ್ದಾರೆ, ಒಟ್ಟು ಹದಿನಾಲ್ಕು ಶಾಲೆಗಳು ನಡೆಸುತ್ತಿವೆ. ಏಪ್ರಿಲ್ ತಿಂಗಳಲ್ಲಿ ನಾವು ಈಗ ಮನೆಗೆ ಹೊತ್ತಿಗೆ ಸರಿಯಾಗಿ ಹೋಗುತ್ತೇವೆ. ತಮಗೆ ನಾವೆಲ್ಲ ಆಭಾರಿಗಳಾಗಿದ್ದೇವೆ.

ಆಭಾರ ಮನ್ನಿಸಿ ಪಳಗಿದ ನಾಲಿಗೆ, ಎಲ್ಲಿಯೂ ತೊದಲಲಿಲ್ಲ. ಹದಿನೈದು ವರ್ಷಗಳಲ್ಲಿ ಮೊದಲ ಸಲ ನನ್ನ ಆಭಾರವನ್ನು ಒಬ್ಬರು ಕೂತು ಪೂರ್ತಿ ಕೇಳಿದರು. ಹದಿನಾಲ್ಕು ಶಾಲೆ ಅಂದಾಗ ಅವರು ಫೋಟೋದ ಕಡೆ ತಿರುಗಿದರು. ಆಗ ಸೆರಗಿನಿಂದ ಕಣ್ಣು ಒರೆಸಿಕೊಂಡರು.

“ಖರೇನ ಹದಿನಾಲ್ಕು ಸಾಲೀರೇನ?” ಎಂದು ಕೇಳಿದರು.

“ಖರೇನರಿ, ವೈನಿ” ಅಂದೆ. ಅದು ಖರೆ ಇತ್ತು, ಕಾರ್ಡಿನಲ್ಲಿ ಮಾತ್ರ ಇರಲಿಲ್ಲ.

ಅವರು ಕೈ ಚಾಚಿ ಕಾರ್ಡು ತಿರುಗಿ ತೆಗೆದುಕೊಂಡರು. ಅಕ್ಷರ ಬಾರದಿದ್ದರೂ ಸಾಲು ಎಣಿಸಲು ಯಾರಿಗೂ ಬರುತ್ತದೆ. ಅವರು ಕಾರ್ಡನ್ನು ನೋಡಿದರು, ನನ್ನನ್ನು ನೋಡಿದರು. ಮತ್ತೆ ಕಾರ್ಡನ್ನು ಫೋಟೋದ ಹಿಂದೆ ಮೊದಲಿನ ಜಾಗದಲ್ಲೇ ಇಟ್ಟರು.

“ಮೂರು ಸಾಲಿನ್ಯಾಗ ಭಾಳ ಬರದೀರಿ ಬಾಯಾರ” ಅಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಚಹಾ ಮಾಡಲು ಒಳಗೆ ಹೋದರು. ಅವತ್ತು ಮಾಸ್ತರರಿಗೆ ನಾನು ಕೊಡದ ಚಹಾವನ್ನು ಅವರ ಮನೆಯಲ್ಲಿ ಕುಡಿದು ಬಂದೆ.

ಆ ವರ್ಷದ ರಿಸಲ್ಟು ಕೈಯಿಂದಲೇ ಮಾಡಿದೆವು. ಅದು ಮುಗಿದ ಮೇಲೆ ಒಂದು ದಿನ ನಾನು ಯಂತ್ರದ ಬಟ್ಟೆ ಸರಿಸಿ, ಆ ಕ್ಯಾಸೆಟ್ಟು ಹಚ್ಚಿ, ಹೊಡೆದುಹಾಕಿದ ನಾಲ್ಕು ಶಬ್ದಗಳನ್ನೂ ಅವರ ಹೆಸರನ್ನೂ ಊರನ್ನೂ ಇದ್ದ ಜಾಗಕ್ಕೆ ಮತ್ತೆ ಸೇರಿಸಿದೆ. ಹಳೆಯ ಎಪ್ಪತ್ತೆರಡು ಹುಡುಗಿಯರ ಹೆಸರು ಹಾಕುತ್ತ ಬಂದೆ. ಅರವತ್ತೊಂಬತ್ತನೆಯವಳು ಮುಗಿದ ಮೇಲೆ ಯಂತ್ರ ನಿಂತು, ಜಾಗ ಇಲ್ಲ ಎಂದು ಇಂಗ್ಲಿಷಿನಲ್ಲಿ ತೋರಿಸಿತು. ಮೂರು ಹುಡುಗಿಯರನ್ನು ಬಿಡಬೇಕು, ಇಲ್ಲವೇ ಅವರನ್ನು ಬಿಡಬೇಕು. ಅವರು ಯಾವುದನ್ನು ಮಾಡಿದ್ದರೋ ನಾನೂ ಅದನ್ನೇ ಮಾಡಿದೆ. ಸೇರಿಸಿದ್ದನ್ನೆಲ್ಲ ಅಳಿಸಿದೆ.

ಯಂತ್ರದಲ್ಲಿ ಜಾಗವಿಲ್ಲದ್ದಕ್ಕೆ ಕೈಯಿಂದ ಬರೆಯಲು ಕೂತೆ. ಹದಿನಾಲ್ಕು ಶಾಲೆಗಳಿಗೆ ಹದಿನಾಲ್ಕು ಕಾರ್ಡು. ಕೊನೆಯಲ್ಲಿ ಬರುವುದು ದೋಷವಲ್ಲ, ಅದೊಂದು ವಿನಂತಿ, ತಪ್ಪಾಗಿ ಓದಿದವಳು ನಾನು, ವಿಳಾಸ ಕೆಳಗಿದೆ ಅಂತ ಬರೆದೆ. ಎಷ್ಟು ಜನ ಖಾನಾಪುರಕ್ಕೆ ಬರೆದರೋ ನನಗೆ ತಿಳಿಯದು. ಕೇಳುವ ಧೈರ್ಯವೂ ನನಗಾಗಲಿಲ್ಲ. ಆಭಾರ ಮನ್ನಿಸುವಾಗ ಎದ್ದು ಹೋಗುವವರನ್ನು ನಾನು ಬಹಳ ವರ್ಷ ನೋಡಿದ್ದೇನೆ, ಅವರಲ್ಲಿ ನಾನೂ ಒಬ್ಬಳೆಂದು ಗೊತ್ತಾದ ಮೇಲೆ ಯಾರನ್ನು ಅನ್ನಲಿ.

ಹದಿನೈದನೆಯ ಕಾರ್ಡು ಮಾಸ್ತರರ ಹೆಂಡತಿಗೆ. ಮರಾಠಿ ಗೆಳತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ನೀಲಿ ಪೆನ್ನಿನಲ್ಲಿ, ಒಂದನೇ ಇಯತ್ತೆಯ ಹುಡುಗಿಯ ಹಾಗೆ ಒಂದೊಂದೇ ಮರಾಠಿ ಅಕ್ಷರ ಮೂಡಿಸಿದೆ. ಎರಡು ಕಾರ್ಡು ಕೆಟ್ಟವು. ಆ ದಿನ ಫೋಟೋದ ಮುಂದೆ ನಾನು ಬಾಯಿಂದ ಹೇಳಿದ ಮಾತುಗಳನ್ನೇ, ಒಂದನ್ನೂ ಬಿಡದೆ, ಅಂಚಿನ ತನಕ ಸಣ್ಣ ಅಕ್ಷರದಲ್ಲಿ ತುಂಬಿಸಿದೆ. ಈ ಸಲ ಅವರು ಯಾರನ್ನೂ ಕೇಳದೆ ತಾವೇ ಓದಬಹುದಾಗಿತ್ತು, ಸಾಲು ಎಣಿಸಿದರೂ ನಾನು ಅವತ್ತು ಹೇಳಿದ್ದಷ್ಟೂ ಅಲ್ಲಿ ಬರೆದೇ ಇತ್ತು.